ನಾಲ್ಕು ಪೋರ್ಟಿಗೆ ಒಂದೇ ಕಾವಲು

ಮಾವನನ್ನು ಇನ್ನೇನು ಮನೆಗೆ ಕಳಿಸುತ್ತಾರಂತೆ ಎಂದು ಗಂಡ ಆಸ್ಪತ್ರೆಯಿಂದ ಫೋನು ಮಾಡಿದಾಗ ಅವಳ ಮೇಜಿನ ಮೇಲೆ ಎರಡು ಚಿಪ್‌ಗಳಿದ್ದವು. ಎರಡರಲ್ಲಿ ಯಾವುದನ್ನು ಹಾಕುವುದು ಎಂದು ಬೆಳಗಿನಿಂದ ತಲೆ ಕೆಡಿಸಿಕೊಂಡು ಕೂತಿದ್ದಳು.

ಟೈರು ಅಂಗಡಿಯ ಮೇಲಿನ ಮಹಡಿಯಲ್ಲಿ ಎರಡು ಕೋಣೆಯ ಪುಟ್ಟ ವರ್ಕ್‌ಶಾಪು ಅವರದು. ಅವರದು ಎಂದರೆ ಅವಳದು ಮತ್ತು ಅವಳ ಕಾಲೇಜು ಗೆಳತಿಯದು. ಕನ್ನಡಕದ ಗಾಜು ದಪ್ಪ ಎಂಬ ಕಾರಣಕ್ಕೆ ಗೆಳತಿಗೆ ಓದುವ ಕಾಲದಲ್ಲೇ ಸೋಡಾಬುಡ್ಡಿ ಎಂಬ ಹೆಸರು ಅಂಟಿತ್ತು. ಈಗ ಕೊರಿಯರಿನವನೂ ಹಾಗೇ ಕರೆಯುತ್ತಿದ್ದ, ಅವಳೂ ಬೇಜಾರಿಲ್ಲದೆ ಓಗೊಡುತ್ತಿದ್ದಳು. ತೂಕದ ಯಂತ್ರಕ್ಕೊಂದು, ನೀರಿನ ಪಂಪಿಗೊಂದು ಎಂದು ಕೇಳಿದವರಿಗೆ ಬೇಕಾದ ಎಲೆಕ್ಟ್ರಾನಿಕ್ ಬೋರ್ಡು ವಿನ್ಯಾಸ ಮಾಡಿಕೊಡುವುದು ಇಬ್ಬರ ಕಸುಬು. ಕೆಳಗೆ ಚಕ್ರದ ನಟ್ಟು ಬಿಚ್ಚುವ ಯಂತ್ರ ಗರ್ರೆಂದಾಗಲೆಲ್ಲ ಮೇಲೆ ಇವರ ಚಿಮಟಗಳೂ ಡಬ್ಬಿಯಲ್ಲಿ ಕುಣಿಯುತ್ತಿದ್ದವು.

ಈ ಸಲದ ಬೋರ್ಡು ಮಾತ್ರ ಗಿರಾಕಿಗಲ್ಲ, ಮಾವನಿಗೆ. ಜೀವಮಾನವೆಲ್ಲ ಚಪ್ಪಲಿ ಅಂಗಡಿಯಲ್ಲಿ ನಿಂತು ಮಾತಿನಲ್ಲೇ ವ್ಯಾಪಾರ ಮಾಡಿದ ಮನುಷ್ಯ ಅವರು. ಗಿರಾಕಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಅವನ ಹಿಮ್ಮಡಿಯ ಸವೆತ ನೋಡಿ, "ತಮಗೆ ಅವಸರ ಜಾಸ್ತಿ ಅಲ್ವಾ ಸ್ವಾಮಿ?" ಎಂದು ಶುರುಮಾಡಿದರೆ, ಬಂದವನು ಕೊಳ್ಳದೆ ಹೋದದ್ದಿಲ್ಲ. ಅಂಥವರಿಗೆ ಲಕ್ವ ಹೊಡೆದು ಕೈಕಾಲೂ ಹೋಯಿತು, ಮಾತೂ ಹೋಯಿತು. ಉಳಿದದ್ದು ಕಣ್ಣಿನ ಓಡಾಟ, ಬಲಗೈಯ ತೋರುಬೆರಳಿನ ತುಸು ಮಿಡಿತ. ತಲೆ ಮಾತ್ರ ಮೊದಲಿನಷ್ಟೇ ಚುರುಕು. ಆಸ್ಪತ್ರೆಯ ಹಾಸಿಗೆಯಲ್ಲಿ ಅವರ ಕಣ್ಣು ಒಬ್ಬೊಬ್ಬರ ಮುಖದ ಮೇಲೂ ನಿಂತು ಏನೋ ಹೇಳಲು ಒದ್ದಾಡುವುದನ್ನು ಅವಳಿಗೆ ನೋಡಲಾಗುತ್ತಿರಲಿಲ್ಲ.

ಅದಕ್ಕೇ ಈ ಪೆಟ್ಟಿಗೆ. ಮಂಚದ ಮುಂದೆ ಒಂದು ಪರದೆ, ಪರದೆಯ ತುಂಬ ಅಕ್ಷರ. ಯಾವ ಅಕ್ಷರದ ಮೇಲೆ ಕಣ್ಣು ನಿಂತಿದೆ ಎಂದು ಕ್ಯಾಮೆರಾ ನೋಡುತ್ತದೆ, ಬೆರಳಿನ ಕೆಳಗೆ ಕಟ್ಟಿದ ಗುಂಡಿ ಒತ್ತಿದರೆ ಆ ಅಕ್ಷರ ಬೀಳುತ್ತದೆ, ಮಾತು ಮುಗಿದ ಮೇಲೆ ಸ್ಪೀಕರು ಅದನ್ನು ಓದಿ ಹೇಳುತ್ತದೆ. ಗುಂಡಿಯನ್ನು ಒತ್ತಿ ಹಿಡಿದರೆ ಅದೇ ಸ್ಪೀಕರು ಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಗಂಟೆ ಬಾರಿಸುತ್ತದೆ. ಜೊತೆಗೆ ಸಿಮ್ ಕಾರ್ಡಿನ ಒಂದು ಪುಟ್ಟ ಡಾಂಗಲ್ ಮನೆಯವರ ಫೋನುಗಳಿಗೆ ಸಂದೇಶ ಕಳಿಸುತ್ತದೆ. ಕ್ಯಾಮೆರಾ, ಗುಂಡಿ, ಸ್ಪೀಕರು, ಡಾಂಗಲ್ ಎಂದು ಸಿಕ್ಕಿಸಬೇಕಾದವು ನಾಲ್ಕು, ಒಳಗಿನ ಸಣ್ಣ ಕಂಪ್ಯೂಟರಿನಲ್ಲಿ ಖಾಲಿ ಇದ್ದ ಯುಎಸ್‌ಬಿ ಪೋರ್ಟು ಒಂದೇ. ಒಂದನ್ನು ನಾಲ್ಕಾಗಿ ಕವಲೊಡೆಸಲು ಹಬ್ ಚಿಪ್ ಬೇಕು. ಮೇಜಿನ ಮೇಲಿದ್ದ ಎರಡೂ ಅವೇ.

ಒಂದು ಅವಳ ಹಳೆಯ ಪರಿಚಯ. ಎಷ್ಟೋ ಬೋರ್ಡಿಗೆ ಹಾಕಿದ್ದಳು. ಸುತ್ತ ಕಾಲುಗಳಿರುವ ಚಿಪ್ ಆದ್ದರಿಂದ ಕೈಯಲ್ಲೇ ಸೋಲ್ಡರ್ ಮಾಡಬಹುದು. ಇನ್ನೊಂದು ಹೊಸದು, ಕಾಲೇ ಇಲ್ಲ, ಬೆಸುಗೆಯೆಲ್ಲ ಹೊಟ್ಟೆಯ ಕೆಳಗೆ. ಹೊರಗಿನ ಕಾರ್ಖಾನೆಗೆ ಕಳಿಸಿ ಮಾಡಿಸಬೇಕು, ಅದರೊಳಗಿನ ಸೆಟ್ಟಿಂಗು ಬೇರೆ ಬರೆಯಬೇಕು. ವಾರಗಟ್ಟಲೆ ಹಿಡಿಯುವ ಕೆಲಸ.

ಸೋಡಾಬುಡ್ಡಿ ಹಳೆಯ ಚಿಪ್ಪಿನ ವಿವರವಿರುವ ಡೇಟಾಶೀಟನ್ನು ಮೂಗಿಗೆ ಹತ್ತಿರ ಹಿಡಿದು ಓದಿ, ಕೆಳಗಿಟ್ಟಳು.

"ಇದು ನಾಲ್ಕು ಪೋರ್ಟಿಗೂ ಸೇರಿ ಒಂದೇ ಕಾವಲು ಕಣೇ. ಒಂದು ವೈರು ಶಾರ್ಟ್ ಆದ್ರೆ ನಾಲ್ಕಕ್ಕೂ ಕರೆಂಟು ಕಿತ್ತುಬಿಡುತ್ತೆ. ಅದಾದ್ರೆ ಒಂದೊಂದಕ್ಕೂ ಬೇರೆಬೇರೆ."

"ಗೊತ್ತು."

"ಗೊತ್ತಿದ್ರೆ ಮತ್ತೆ? ಗಂಟೆನೂ ಇದರ ಮೇಲೇ ಇದೆಯಲ್ಲ."

"ಮಂಚದಲ್ಲಿ ಅಲ್ಲಾಡದೆ ಮಲಗಿರೋರ ಹತ್ರ ವೈರು ಶಾರ್ಟ್ ಮಾಡೋಕೆ ಯಾರು ಬರ್ತಾರೆ? ಎಲ್ಲಾ ಹೊಸ ವೈರು, ನಾನೇ ಕಟ್ತೀನಿ. ಸುಮ್ನೆ ತಲೆಗೆ ಹುಳ ಬಿಡಬೇಡ."

"ಬಿಡಲ್ಲಪ್ಪ. ನಿಮ್ಮ ಮಾವ, ನಿನ್ನ ಪೆಟ್ಟಿಗೆ," ಎಂದು ಅವಳು ತನ್ನ ಮೇಜಿಗೆ ಹೋದಳು.

ಸೊಸೆಯ ಅವಸರಕ್ಕೆ ಕಾರಣ ಮಾವನ ಕಷ್ಟವೇ, ಅದರಲ್ಲಿ ಸುಳ್ಳಿಲ್ಲ. ಆದರೆ ಅದೊಂದೇ ಕಾರಣವೂ ಆಗಿರಲಿಲ್ಲ. ಅವರು ಮನೆಗೆ ಕಾಲಿಡುವ ದಿನವೇ ಪೆಟ್ಟಿಗೆ ಮುಂದಿರಬೇಕು, ಬಂದ ನೆಂಟರಿಷ್ಟರೆಲ್ಲ ಸೊಸೆ ಮಾಡಿದ್ದಂತೆ ಎಂದು ಬೆರಗಾಗಬೇಕು ಎಂಬ ಆಸೆ ಅವಳೊಳಗೆ ಇತ್ತು. ಮುಂದಿನ ಬೋರ್ಡಿಗೆ ಹೊಸ ಚಿಪ್ ಹಾಕಿದರಾಯಿತು ಎಂದುಕೊಂಡು ಹಳೆಯದನ್ನೇ ಕೈಗೆತ್ತಿಕೊಂಡಳು.

ಪೆಟ್ಟಿಗೆ ಅವಳು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಮಾತಾಡಿತು. ಅದರ ಬಾಯಿಂದ ಮಾವ ಆಡಿದ ಮೊದಲ ಮಾತು, "ಚಹಾ ತಣ್ಣಗಿದೆ."

ಅತ್ತೆ ಅಡುಗೆಮನೆಗೆ ಹೋಗಿ ಒಂದಿಷ್ಟು ಅತ್ತು, ಮುಖ ತೊಳೆದುಕೊಂಡು ಬಂದು, "ಬಾಯಿ ಬಂತೋ ಇಲ್ವೋ, ದೂರು ಶುರುವಾಯ್ತು ನೋಡು," ಎಂದರು. ಗಂಡ ನಕ್ಕ. ಎಷ್ಟೋ ವಾರಗಳ ಮೇಲೆ ಆ ಮನೆಯಲ್ಲಿ ಎಲ್ಲರೂ ಒಟ್ಟಿಗೆ ನಕ್ಕಿದ್ದು ಅವತ್ತೇ.

ಮಾವ ಪೆಟ್ಟಿಗೆಗೆ ಕಿರಿಸೊಸೆ ಎಂದು ಹೆಸರಿಟ್ಟರು. "ಹೇಳಿದ್ದಷ್ಟೇ ಹೇಳುತ್ತಾಳೆ, ಸೇರಿಸಿ ಹೇಳುವುದಿಲ್ಲ," ಎಂದು ಪೆಟ್ಟಿಗೆಯಿಂದಲೇ ಅದಕ್ಕೆ ಸರ್ಟಿಫಿಕೇಟು ಕೊಡಿಸಿದರು. ಅತ್ತೆ ಬಿಡುವವರೇ? "ಈ ಸೊಸೆಗಾದ್ರೂ ಆಫ್ ಮಾಡೋಕೆ ಸ್ವಿಚ್ಚಿದೆ," ಎಂದು ಹಿರಿಸೊಸೆಯತ್ತ ನೋಡಿ ಕಣ್ಣು ಮಿಟುಕಿಸಿದರು. ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಮಾಡುವ ಹೆಂಗಸು ಒಮ್ಮೆ ಮನೆಗೆ ಬಂದು ನೋಡಿದವರೇ, ತಮ್ಮ ಬೇರೆ ರೋಗಿಗಳಿಗೂ ಇಂಥವು ಬೇಕೆಂದರು. ಅವಳು ಇನ್ನೂ ಕೆಲವು ಪೆಟ್ಟಿಗೆ ಮಾಡಿಕೊಟ್ಟಳು. ಚೆನ್ನಾಗಿ ನಡೆಯುತ್ತಿರುವುದಕ್ಕೆ ಯಾಕೆ ಕೈಹಾಕಬೇಕೆಂದು ಅವಕ್ಕೂ ಅದೇ ಬೋರ್ಡು, ಅದೇ ಚಿಪ್ಪು.

ಚಳಿಗಾಲ ಬಂತು. ಒಂದು ಮಧ್ಯಾಹ್ನ ಅತ್ತೆ ಮಂಚದ ಕೆಳಗಿನ ಹಿಡಿ ತಿರುಗಿಸಿ ತಲೆಯ ಕಡೆ ಎತ್ತರಿಸಿ ಮಾವನಿಗೆ ಊಟ ಮಾಡಿಸಿದರು. ಕಿಟಕಿಯಾಚೆಯ ರಸ್ತೆ ನೋಡುತ್ತಿರಲಿ ಎಂದು ಮಂಚವನ್ನು ಹಾಗೇ ಬಿಟ್ಟು, ಪಾತ್ರೆ ತೊಳೆದಿಟ್ಟು, ಸ್ನಾನಕ್ಕೆ ಹೋದರು. ಒದ್ದೆ ನೆಲದ ಮೇಲೆ ಕಾಲು ಜಾರಿತು. ಸೊಂಟದ ಕೆಳಗೆ ಏನೋ ಲಟಕ್ಕೆಂದದ್ದು ಅವರಿಗೇ ಕೇಳಿಸಿತಂತೆ. ಏಳಲಾಗಲಿಲ್ಲ. ಗಂಡನನ್ನು ಕೂಗಿದರು, ಗಂಟೆ ಒತ್ತಿ ಎಂದು ಕೂಗಿದರು, ದನಿ ಬತ್ತುವವರೆಗೂ ಕೂಗಿದರು. ಚಳಿಯೆಂದು ಎಲ್ಲರ ಮನೆಯ ಕಿಟಕಿಗಳೂ ಮುಚ್ಚಿದ್ದವು. ಯಾವ ಗಂಟೆಯೂ ಬಾರಿಸಲಿಲ್ಲ.

ಸಂಜೆ ವಿಮಾ ಕಚೇರಿಯಿಂದ ಮಗ ಬಂದು ಬಾಗಿಲು ತೆಗೆದಾಗ ತಾಯಿ ತಣ್ಣನೆಯ ನೆಲದ ಮೇಲೆ ನಡುಗುತ್ತ ಬಿದ್ದಿದ್ದರು. ಕೋಣೆಯಲ್ಲಿ ತಂದೆ, ಕೆನ್ನೆಯೆಲ್ಲ ಒದ್ದೆ. ಅವರ ಮುಂದೆ ಪರದೆ ಎಂದಿನಂತೆ ಬೆಳಗುತ್ತಿತ್ತು, ಅಕ್ಷರಗಳು ಸಾಲಾಗಿ ನಿಂತಿದ್ದವು.

ವರ್ಕ್‌ಶಾಪಿನಿಂದ ಅವಳು ಓಡಿ ಬರುವಷ್ಟರಲ್ಲಿ ಅತ್ತೆಯನ್ನು ಪಕ್ಕದ ಮನೆಯವರ ಜೊತೆ ಆಂಬ್ಯುಲೆನ್ಸಿನಲ್ಲಿ ಕಳಿಸಿಯಾಗಿತ್ತು. ಗಂಡ ಹಾಸಿಗೆಬಟ್ಟೆ ಬದಲಿಸಲೆಂದು ಮಂಚ ಇಳಿಸಿ, ಪೆಟ್ಟಿಗೆ ಆರಿಸಿ ಪಕ್ಕಕ್ಕೆ ಸರಿಸಿದ್ದ. ಈಗ ಮತ್ತೆ ಹಾಕಿ, ತಾನೇ ಗುಂಡಿ ಒತ್ತಿ ಹಿಡಿದ. ಇಡೀ ಕಟ್ಟಡಕ್ಕೆ ಕೇಳುವಂತೆ ಗಂಟೆ ಬಾರಿಸಿತು. ಅವಳ ಕೈಚೀಲದಲ್ಲಿ ಫೋನೂ ಟಿಣ್ ಎಂದಿತು.

"ಸರಿಯಾಗೇ ಇದೆಯಲ್ಲ," ಎಂದ ಅವನು. ಆಮೇಲೆ ತಂದೆಯ ಕಡೆ ತಿರುಗಿ, ಹಿಂದೆಂದೂ ಆಡದ ದನಿಯಲ್ಲಿ, "ಅಪ್ಪಾ, ಒಂದು ಸಲ, ಒಂದೇ ಒಂದು ಸಲ ಒತ್ತೋಕೆ ನಿಮಗೇನಾಗಿತ್ತು?" ಎಂದು ಅರಚಿದ.

ಮುದುಕರ ಕಣ್ಣು ಪರದೆಯ ಕಡೆ ಹೋಯಿತು. ಉತ್ತರ ಬರೆಯುವಷ್ಟು ಹೊತ್ತು ನಿಲ್ಲುವ ತಾಳ್ಮೆ ಮಗನಿಗಿರಲಿಲ್ಲ. ಅವನು ಆಸ್ಪತ್ರೆಗೆ ಹೊರಟುಹೋದ.

ಅವಳು ಪೆಟ್ಟಿಗೆಯ ಹಿಂಬದಿಗೆ ಕೈಹಾಕಲಿಲ್ಲ. ಗಂಟೆ ಮಧ್ಯಾಹ್ನ ಬಾರಿಸದ ಕಾರಣವನ್ನು ಹುಡುಕಲು ಹೋಗಲಿಲ್ಲ. ಹುಡುಕಿದರೆ ಸಿಗುತ್ತದೆ ಎಂಬ ಭಯ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಅವಳು, ಮಾವ ಇಬ್ಬರೇ. ತಿಂಡಿ ತಿನ್ನಿಸಲೆಂದು ಮಂಚದ ಹಿಡಿ ತಿರುಗಿಸತೊಡಗಿದಳು. ತಲೆಯ ಕಡೆ ಮೇಲೇರಿತು, ಏರಿತು, ಕೊನೆಯ ಸುತ್ತಿನಲ್ಲಿ ಪೆಟ್ಟಿಗೆಯ ಹಿಂಬದಿಯ ನಾಲ್ಕು ಹಸಿರು ದೀಪಗಳೂ ಒಟ್ಟಿಗೆ ಆರಿದವು. ಮುಂದೆ ಪರದೆ ಮಾತ್ರ ಏನೂ ಆಗದಂತೆ ಬೆಳಗುತ್ತಿತ್ತು. ಬಗ್ಗಿ ನೋಡಿದಳು. ಮಂಚದ ಚೌಕಟ್ಟು ಮಡಚುವ ಕೀಲಿನಲ್ಲಿ ಕ್ಯಾಮೆರಾದ ವೈರು ಸಿಕ್ಕಿಕೊಂಡಿತ್ತು. ದಿನವೂ ಏರಿಳಿದು ಏರಿಳಿದು ಮೇಲಿನ ರಬ್ಬರು ಸವೆದು, ಒಳಗಿನ ತಂತಿಗಳು ಒಂದಕ್ಕೊಂದು ತಗುಲಿದ್ದವು. ಕೆಟ್ಟದ್ದು ಕ್ಯಾಮೆರಾದ ವೈರೊಂದೇ. ಚಿಪ್ ನಾಲ್ಕಕ್ಕೂ ಕರೆಂಟು ಕಿತ್ತಿತ್ತು. ಗುಂಡಿ ಸತ್ತಿತ್ತು, ಗಂಟೆ ಸತ್ತಿತ್ತು, ಫೋನಿಗೆ ಸಂದೇಶ ಕಳಿಸುವ ಡಾಂಗಲೂ ಸತ್ತಿತ್ತು.

ಸೋಡಾಬುಡ್ಡಿ ಹೇಳಿದ್ದ ಹಾಗೇ, ಒಂದಕ್ಷರ ಹೆಚ್ಚುಕಮ್ಮಿಯಿಲ್ಲದೆ.

ದೀಪಗಳಿದ್ದದ್ದು ಅವಳ ಕಡೆ, ಮಾವನಿಗೆ ಕಾಣುವಂತಿರಲಿಲ್ಲ. ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಏನಾಯಿತು ಎಂದು ಕೇಳಬೇಕೆಂದರೆ ಆ ಹೊತ್ತಿನಲ್ಲಿ ಅವರಿಗೆ ಬಾಯೇ ಇರಲಿಲ್ಲ.

"ಏನಿಲ್ಲ ಮಾವ, ಸ್ವಲ್ಪ ಧೂಳು ಕೂತಿದೆ," ಎಂದಳು. ಚೀಲದಿಂದ ಹೊಸ ವೈರು ತೆಗೆದು ಹಾಕಿದಳು, ಕೀಲಿನಿಂದ ದೂರ ಎಳೆದು ಕ್ಲಿಪ್ಪಿನಲ್ಲಿ ಬಿಗಿದಳು, ಹಳೆಯದನ್ನು ಸುತ್ತಿ ಚೀಲದ ತಳಕ್ಕೆ ತುರುಕಿದಳು. ಪೆಟ್ಟಿಗೆ ಮತ್ತೆ ಹಾಕಿದೊಡನೆ ಮಾವ ಬರೆಯತೊಡಗಿದರು. ಒಂದೊಂದು ಅಕ್ಷರಕ್ಕೂ ಕಾದು, ಬೆವರಿ, ಮುಗಿಸಿದರು. ಪೆಟ್ಟಿಗೆ ಏರಿಳಿತವಿಲ್ಲದ ತನ್ನ ದನಿಯಲ್ಲಿ ಓದಿತು:

"ನನ್ನ ಬೆರಳು ಸತ್ತಿತ್ತು. ಅವಳಿಗೆ ಹೇಳು."

ಆಗ ಹೇಳಬಹುದಿತ್ತು. ನಿಮ್ಮ ಬೆರಳು ಸರಿಯಾಗೇ ಇತ್ತು ಮಾವ, ಎಂದರೆ ಸಾಕಿತ್ತು. ಅವಳು, "ಅದೆಲ್ಲ ಯೋಚನೆ ಮಾಡಬೇಡಿ, ಬಾಯಿ ತೆಗೀರಿ," ಎಂದು ಚಮಚ ಮುಂದೆ ಹಿಡಿದಳು.

ಅತ್ತೆಯ ಸೊಂಟದ ಮೂಳೆಗೆ ರಾಡು ಹಾಕಿ, ಕೆಲವು ದಿನ ಇಟ್ಟುಕೊಂಡು ಮನೆಗೆ ಕಳಿಸಿದರು. ಅದೇ ಕೋಣೆಯಲ್ಲಿ ಎರಡನೆಯ ಮಂಚ ಬಂತು. ಅತ್ತೆ ಅದರಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಮೊದಲಾದರೆ ಗಂಡ ಹೆಂಡತಿ ದಿನವಿಡೀ ಒಬ್ಬರನ್ನೊಬ್ಬರು ಕೆಣಕುತ್ತಿದ್ದವರು. ಈಗ ಪೆಟ್ಟಿಗೆ ಏನಾದರೂ ನುಡಿದರೂ ಅತ್ತೆಯಿಂದ ಹೂಂ ಎಂಬ ಉತ್ತರವೂ ಇಲ್ಲ. ಒಂದು ದಿನ ಸೊಸೆ ತಲೆ ಬಾಚುತ್ತಿದ್ದಾಗ, ಗಂಡನಿಗೆ ಕೇಳಲಿ ಎಂದೇ ಹೇಳಿದರು:

"ಎಷ್ಟು ಕೂಗ್ದೆ ಗೊತ್ತಾ? ಗಂಟಲು ಹರಿಯೋ ಹಾಗೆ ಕೂಗ್ದೆ. ಕಿವಿ ಕೇಳುತ್ತಲ್ಲ ಇವರಿಗೆ. ನಿದ್ದೆ ಹತ್ತಿತ್ತೋ ಏನೋ. ಊಟ ಆಗಿತ್ತಲ್ಲ, ಹೊಟ್ಟೆ ತುಂಬಿತ್ತು."

ಅವಳ ಕೈಯಲ್ಲಿ ಬಾಚಣಿಗೆ ನಿಂತಿತು. ಆಚೆ ಮಂಚದಲ್ಲಿ ಮಾವ ಕಣ್ಣು ಮುಚ್ಚಿಕೊಂಡರು. ಅವಳು ಮತ್ತೆ ಬಾಚಿದಳು.

ಅವಳೇನು ಕಲ್ಲಿನಂತೆ ಇದ್ದಳೆಂದಲ್ಲ. ಸ್ಕೂಟರಿನಲ್ಲಿ ಹೋಗುವಾಗ, ತರಕಾರಿ ಹೆಚ್ಚುವಾಗ ತನ್ನೊಳಗೇ ವಾದ ಹೂಡುತ್ತಿದ್ದಳು. ತಪ್ಪು ವೈರಿನದು. ತಪ್ಪು ಮಂಚದ ಕೀಲಿನದು. ಯಾವ ಚಿಪ್ ಹಾಕಿದ್ದರೂ ಅತ್ತೆ ಜಾರುತ್ತಿದ್ದದ್ದು ಜಾರುತ್ತಲೇ ಇದ್ದರು. ಈಗ ಬಾಯಿಬಿಟ್ಟರೆ ಮುರಿದ ಮೂಳೆ ಬೇಗ ಕೂಡುತ್ತದೆಯೇ? ಎಲ್ಲ ವಾದದಲ್ಲೂ ಗೆಲ್ಲುತ್ತಿದ್ದಳು, ಮನೆಯ ಬಾಗಿಲಿಗೆ ಬಂದೊಡನೆ ಕಾಲು ಭಾರವಾಗುತ್ತಿತ್ತು. ಅದಕ್ಕೆ ಪರಿಹಾರವೆಂಬಂತೆ ಸೇವೆಗೆ ನಿಂತಳು. ಇಬ್ಬರ ಮೈ ಒರೆಸುವುದು, ಬಟ್ಟೆ ಒಗೆಯುವುದು, ಔಷಧ ಕೊಡುವುದು, ಎಲ್ಲ ತಾನೇ. ನೋಡಲು ಬಂದ ಪಕ್ಕದ ಮನೆಯಾಕೆಗೆ ಅತ್ತೆ, "ಹೊಟ್ಟೇಲಿ ಹುಟ್ಟಿದ ಮಗಳೂ ಇಷ್ಟು ಮಾಡ್ತಿರಲಿಲ್ಲ," ಎಂದಾಗ ಅವಳು ಹಾಲು ಉಕ್ಕಿತೆಂದು ಸುಳ್ಳು ಹೇಳಿ ಎದ್ದು ಹೋದಳು.

ಗಂಡ ತಂದೆಗೆ ಊಟ ಮಾಡಿಸುತ್ತಿದ್ದ, ಮಗ್ಗುಲು ಬದಲಿಸುತ್ತಿದ್ದ, ಯಾವುದಕ್ಕೂ ಕೊರತೆ ಮಾಡಲಿಲ್ಲ. ಮಾತು ಮಾತ್ರ ಇಲ್ಲ. ಪರದೆಯ ಮೇಲೆ ಅಕ್ಷರ ಮೂಡುತ್ತಿರುವಾಗಲೇ ತಟ್ಟೆ ಎತ್ತಿಕೊಂಡು ಹೊರಟುಬಿಡುತ್ತಿದ್ದ.

ಮಾವ ಬರೆಯುವುದನ್ನು ಕಡಿಮೆ ಮಾಡಿದರು. ಬದಲಿಗೆ ಬೇರೊಂದು ಶುರುಮಾಡಿದರು. ದಿನವಿಡೀ ಆ ಒಂದು ಬೆರಳನ್ನು ಹಾಸಿಗೆಗೆ ಒತ್ತುವುದು, ಎತ್ತುವುದು, ಒತ್ತುವುದು. ವ್ಯಾಯಾಮ ಮಾಡಿಸಲು ಬರುತ್ತಿದ್ದವನಿಗೆ ಖುಷಿಯೋ ಖುಷಿ. "ನೋಡಿ ಮೇಡಂ, ಎಂಥ ಹಠ ಇವರದು! ಬೆರಳಿಗೆ ಎಷ್ಟು ಬಲ ಬಂದಿದೆ!" ಎಂದ. ಹೊದಿಕೆಯ ದಪ್ಪ ನೇಯ್ಗೆಗೆ ಉಜ್ಜಿ ಉಜ್ಜಿ ಬೆರಳ ತುದಿಯ ಚರ್ಮ ಕಿತ್ತು ಬಂದಿತ್ತು. ಅವಳು ಹತ್ತಿಯಲ್ಲಿ ಒರೆಸಿ ಮುಲಾಮು ಹಚ್ಚಿದಳು. ಹಚ್ಚುತ್ತಿರುವಾಗಲೂ ಬೆರಳು ಅವಳ ಅಂಗೈಯನ್ನು ಒತ್ತುತ್ತಿತ್ತು. ಇನ್ನೊಮ್ಮೆ ಯಾರಾದರೂ ಕೂಗಿದರೆ ತಾನು ತಪ್ಪಬಾರದು ಎಂದು ಆ ಮನುಷ್ಯ ತಾಲೀಮು ಮಾಡುತ್ತಿದ್ದಾನೆ ಎಂಬುದು ತಿಳಿದು ಅವಳಿಗೆ ಮುಲಾಮಿನ ಮುಚ್ಚಳ ಹಾಕಲೂ ಕೈ ಬರಲಿಲ್ಲ. ಆದರೂ ಅವತ್ತೂ ಹೇಳಲಿಲ್ಲ.

ಹೇಳಿಸಿದ್ದು ಸೋಡಾಬುಡ್ಡಿ, ಅದೂ ತನಗರಿವಿಲ್ಲದೆ. ಚಿಕಿತ್ಸೆಯ ಹೆಂಗಸು ಇನ್ನೊಂದಷ್ಟು ಪೆಟ್ಟಿಗೆ ಕೇಳಿದ್ದರು. ಸೋಡಾಬುಡ್ಡಿ ಡ್ರಾಯರು ಎಳೆದು ನೋಡಿ, "ಹಬ್ ಚಿಪ್ ಖಾಲಿ ಕಣೇ. ಅದೇ ತರಿಸಲಾ?" ಎಂದಳು.

 ಇವಳು ಕಾದ ಸೋಲ್ಡರಿಂಗ್ ಕಡ್ಡಿಯನ್ನು ಬೋರ್ಡಿನಿಂದ ಮೇಲೆತ್ತಿದಳು.

"ಅದು ಬೇಡ."

"ಯಾಕೆ? ಚೆನ್ನಾಗೇ ನಡೀತಿದೆಯಲ್ಲ."

"ನಡೀಲಿಲ್ಲ. ನಮ್ಮತ್ತೆ ಬಿದ್ದ ದಿನ ನಡೀಲಿಲ್ಲ."

ಕಡ್ಡಿಯನ್ನು ಸ್ಟ್ಯಾಂಡಿಗಿಟ್ಟು, ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿದಳು. ಕೆಳಗೆ ಟೈರಿನ ಯಂತ್ರ ನಡುವೆ ನಡುವೆ ಗರ್ರೆನ್ನುತ್ತಿತ್ತು. ಅದು ನಿಂತಾಗ ಮುಂದುವರಿಸುತ್ತಿದ್ದಳು. ಸೋಡಾಬುಡ್ಡಿ ಕನ್ನಡಕ ತೆಗೆದು ಒರೆಸಿದಳು. ನಾನಾಗಲೇ ಹೇಳಿರಲಿಲ್ವಾ ಎನ್ನುತ್ತಾಳೆಂದು ಇವಳು ಕಾದಿದ್ದಳು, ಅದನ್ನು ಕೇಳಿಸಿಕೊಳ್ಳಲು ಮನಸ್ಸನ್ನೂ ಗಟ್ಟಿ ಮಾಡಿಕೊಂಡಿದ್ದಳು.

"ಮನೇಲಿ ಹೇಳಿದ್ಯಾ?" ಎಂದಳು ಸೋಡಾಬುಡ್ಡಿ.

"ಇಲ್ಲ."

"ಇಷ್ಟು ದಿನ? ಅಷ್ಟೂ ದಿನ ಆ ಮುದುಕರ ಮೇಲೆ ಗೂಬೆ ಕೂರಿಸಿ ಕೂತಿದ್ಯಾ?"

"ಬಾಯಿ ಬರಲಿಲ್ಲ ಕಣೇ."

"ಬಾಯಿ ಬರದೇ ಇರೋದು ಅವರಿಗೆ, ನಿನಗಲ್ಲ." ಸೋಡಾಬುಡ್ಡಿ ಕನ್ನಡಕವನ್ನು ಮತ್ತೆ ಹಾಕಿಕೊಂಡಳು. "ಅವತ್ತು ನಾನೂ ಗಟ್ಟಿಯಾಗಿ ಕೂರಬೇಕಿತ್ತು. ನಿನ್ನ ಪೆಟ್ಟಿಗೆ ಅಂತ ಬಿಟ್ಟುಬಿಟ್ಟೆ. ಅದು ನನಗಿರಲಿ. ಮಿಕ್ಕ ಮನೆಯವರಿಗೆಲ್ಲ ನಾನು ಫೋನು ಮಾಡ್ತೀನಿ, ಹೊಸದು ಆಗೋವರೆಗೂ ಗಂಟೆ ನಂಬಬೇಡಿ, ಒಬ್ಬರು ಹತ್ತಿರಾನೇ ಇರಿ ಅಂತೀನಿ. ನೀನು ಈಗ ಎದ್ದು ಮನೆಗೆ ಹೋಗು."

ಮನೆಗೆ ಹೋದಾಗ ಗಂಡನೂ ಬಂದಿದ್ದ, ತಾಯಿಯ ಕಾಲಿಗೆ ದಿಂಬು ಸರಿಮಾಡುತ್ತಿದ್ದ. ಅವಳು ಚಪ್ಪಲಿಯನ್ನೂ ಬಿಡದೆ ಕೋಣೆಗೆ ಬಂದು, ಎರಡು ಮಂಚದ ನಡುವೆ ನಿಂತಳು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳೆಲ್ಲ ಎಲ್ಲೋ ಬಿದ್ದುಹೋಗಿದ್ದವು.

"ಅವತ್ತು ಮಾವ ಗುಂಡಿ ಒತ್ತಿದ್ರು," ಎಂದಳು. "ಗಂಟೆ ಬಾರಿಸಲಿಲ್ಲ. ತಪ್ಪು ನನ್ನ ಬೋರ್ಡಿಂದು."

ಗಂಡ ನೆಟ್ಟಗಾದ. "ಏನು ಹಾಗಂದ್ರೆ? ನಾನೇ ಒತ್ತಿ ನೋಡಿದ್ನಲ್ಲ."

ವೈರು, ಕೀಲು, ಆರಿದ ನಾಲ್ಕು ದೀಪ ಎಲ್ಲವನ್ನೂ ಹೇಳಿದಳು. ಚಿಪ್ ವಿಷಯಕ್ಕೆ ಬಂದಾಗ ನಿಂತಳು. ಅಲ್ಲಿ ದಾಟಿಸಿಬಿಡಬಹುದು, ವೈರು ಸವೆದಿತ್ತು ಎಂದರೆ ಇವರಿಗೆ ಅಷ್ಟೇ ಸಾಕು ಎಂದು ಒಳಗಿಂದ ಒಂದು ದನಿ ಇನ್ನೂ ಹೇಳುತ್ತಿತ್ತು. "ಒಂದು ವೈರು ಕೆಟ್ಟರೂ ಗಂಟೆ ಬಾರಿಸೋ ಇನ್ನೊಂದು ಚಿಪ್ ಇತ್ತು. ಆರಿಸೋವಾಗ ನನಗೆ ಗೊತ್ತಿತ್ತು. ತಡ ಆಗುತ್ತೆ ಅಂತ ಬಿಟ್ಟೆ. ಮಾವ ಬರೋ ದಿನಕ್ಕೆ ಸಿದ್ಧ ಇರಬೇಕು, ಎಲ್ಲರೂ ಹೊಗಳಬೇಕು ಅಂತ."

"ಇದು ಯಾವಾಗ ಗೊತ್ತಾಯ್ತು ನಿನಗೆ?" ಗಂಡ ಕೇಳಿದ.

"ಮಾರನೇ ದಿನ."

ಅವನು ಒಮ್ಮೆ ತಂದೆಯನ್ನು ನೋಡಿದ. ನೋಡಲಾಗದೆ ಬಾಲ್ಕನಿಗೆ ಹೋಗಿ ಬೆನ್ನು ಹಾಕಿ ನಿಂತ.

ಅತ್ತೆ ಅವಳ ಮುಖವನ್ನು ನೋಡುತ್ತಿರಲಿಲ್ಲ. ಕೈಯೂರಿ ಮೈಯನ್ನು ಗೋಡೆಯಿಂದ ಈಚೆಗೆ ತಿರುಗಿಸಲು ಹೆಣಗುತ್ತಿದ್ದರು. ಅವಳು ಹಿಡಿಯಲು ಬಗ್ಗಿದರೆ ಕೈ ತಳ್ಳಿದರು. ನೋವಿಗೆ ಹಲ್ಲು ಕಚ್ಚಿ, ತಾವಾಗಿಯೇ ಮಗ್ಗುಲಾಗಿ, ಗಂಡನ ಕಡೆ ಮುಖ ಮಾಡಿದರು.

"ರೀ... ಒತ್ತಿದ್ರಾ ನೀವು?"

ಮಾವ ಬರೆಯತೊಡಗಿದರು.  ಅಕ್ಷರ ಅಕ್ಷರವಾಗಿ ಸಾಲು ಬೆಳೆಯಿತು. ಕೊನೆಗೆ ಪೆಟ್ಟಿಗೆ ಓದಿತು:

"ನಿನ್ನ ದನಿ ನಿಂತ ಮೇಲೂ ಒತ್ತುತ್ತಿದ್ದೆ. ನೀನು ಹೋದೆ ಅಂದುಕೊಂಡಿದ್ದೆ."

ಅತ್ತೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತರು. ಈ ಸಲ ಅಡುಗೆಮನೆಗೆ ಹೋಗಿ ಅಳಲು ಕಾಲಿರಲಿಲ್ಲ. ಅಳು ತಗ್ಗಿದ ಮೇಲೆ ಸೊಸೆಯ ಕಡೆ ನೋಡಿದರು.

"ಮೂಳೆ ಮುರಿದದ್ದಕ್ಕೆ ನಾನು ನಿನ್ನ ಏನೂ ಅನ್ನಲ್ಲ. ನೆಲ ಒದ್ದೆ ಇತ್ತು, ಬಿದ್ದೆ. ಆದ್ರೆ ಇಷ್ಟು ದಿನ ಈ ಮನುಷ್ಯನ್ನ ಮನಸ್ಸಲ್ಲಿ ಎಷ್ಟು ಬೈಕೊಂಡೆ, ಕಟ್ಟಿಕೊಂಡವಳು ಸಾಯ್ತಿದ್ರೂ ನಿದ್ದೆ ಮಾಡಿದ ಅಂತ. ನೀನು ಇಲ್ಲೇ ನಿಂತು ನನ್ನ ತಲೆ ಬಾಚ್ತಿದ್ದೆ. ಹೋಗು ಆಚೆ. ಸ್ವಲ್ಪ ಹೊತ್ತು ನಿನ್ನ ಮುಖ ನೋಡೋಕೆ ನನ್ನ ಕೈಲಾಗಲ್ಲ."

ಅವಳು ಆಚೆ ಹೋದಳು. ಅಡುಗೆಮನೆಯಲ್ಲಿ ನಿಂತಾಗ ಕೋಣೆಯಿಂದ ಅತ್ತೆಯ ದನಿ, ನಡುನಡುವೆ ಪೆಟ್ಟಿಗೆಯ ದನಿ ಕೇಳುತ್ತಿತ್ತು. ಆಮೇಲೆ ಗಂಡ ಒಳಗೆ ಹೋದದ್ದು, "ಅಪ್ಪಾ" ಎಂದದ್ದು ಕೇಳಿಸಿತು. ಮುಂದಿನದು ಕೇಳಿಸದಷ್ಟು ಮೆಲ್ಲಗಿತ್ತು. ಅವರ ಮೂವರ ನಡುವೆ ಏನೋ ಸರಿಹೋಗುತ್ತಿದೆ, ಅದರಲ್ಲಿ ತನಗೆ ಜಾಗವಿಲ್ಲ ಎಂದು ಅವಳಿಗೆ ಅರ್ಥವಾಯಿತು. ಅದು ನ್ಯಾಯವೆಂದೂ ಅನಿಸಿತು.

ಮಿಕ್ಕ ಪೆಟ್ಟಿಗೆಗಳನ್ನು ವಾಪಸು ತರಲು ಅವಳೇ ಮನೆಮನೆಗೆ ಹೋದಳು. ಕೆಲವರು ಏನೂ ಕೇಳದೆ ಕೊಟ್ಟರು. ಒಬ್ಬಾತ ಬಾಗಿಲಲ್ಲೇ ನಿಲ್ಲಿಸಿ ಚೆನ್ನಾಗಿ ಬೈದ. ಒಂದು ಮನೆಯಲ್ಲಿ ಮಗಳು ತನ್ನ ತಾಯಿಯ ಹಾಸಿಗೆಯ ಪಕ್ಕ ನಿಂತು, "ಅಂದ್ರೆ ಅಮ್ಮ ಎಷ್ಟೋ ಸಲ ಇದ್ದಕ್ಕಿದ್ದ ಹಾಗೆ ಸುಮ್ಮನಾಗ್ತಿದ್ದಳಲ್ಲ, ಅದು ಇದಕ್ಕೇನಾ?" ಎಂದು ಕೇಳಿದಳು. "ನಮ್ಮ ಮೇಲೆ ಮುನಿಸಿಕೊಂಡಿದ್ದಾಳೆ ಅಂತ ನಾವೂ ಮಾತು ಬಿಟ್ಟಿದ್ವಿ." ಅವಳು ವೈರು ಸುತ್ತುತ್ತ ಇದ್ದವಳು, ಹಾಸಿಗೆಯಲ್ಲಿದ್ದ ಆ ತಾಯಿಯ ಕಣ್ಣನ್ನು ನೋಡಿ, ಕ್ಷಮಿಸಿ ಎನ್ನಲು ಹೋಗಿ, ಪೂರ್ತಿ ಹೇಳಲಾಗದೆ ಹೊರಬಂದಳು. ಮೆಟ್ಟಿಲಿಳಿದು ರಸ್ತೆ ಬದಿಯ ಕಟ್ಟೆಯ ಮೇಲೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಕಾಲಿಲ್ಲದ ಆ ಇನ್ನೊಂದು ಚಿಪ್ ಹಾಕಿ ಹೊಸ ಬೋರ್ಡು ಬರೆದರು. ಹೊರಗಿನ ಕಾರ್ಖಾನೆಯಿಂದ ಅದು ಬರಲು ಹಿಡಿಯುವಷ್ಟು ದಿನ ಹಿಡಿಯಿತು. ಗಂಟೆಗೆ ಈ ಸಲ ಸೋಡಾಬುಡ್ಡಿ ಬೇರೆಯದೇ ಬ್ಯಾಟರಿ, ಬೇರೆಯದೇ ವೈರು ಕೊಡಿಸಿದಳು, ಇವಳು ತುಟಿಪಿಟಕ್ಕೆನ್ನಲಿಲ್ಲ. ಮೊದಲ ಪೆಟ್ಟಿಗೆಯನ್ನು ಮನೆಗೆ ತಂದು, ಮಾವನ ಕಣ್ಣೆದುರೇ ಕ್ಯಾಮೆರಾದ ವೈರಿನ ತಂತಿಗಳನ್ನು ಬಿಚ್ಚಿ ಇಕ್ಕಳದಿಂದ ಒಂದಕ್ಕೊಂದು ತಾಗಿಸಿ ಹಿಡಿದಳು. ಒಂದು ದೀಪ ಆರಿತು, ಮೂರು ಉಳಿದವು.

"ಒತ್ತಿ ಮಾವ."

ಗಂಟೆ ಕಿವಿ ತೂತಾಗುವಂತೆ ಬಾರಿಸಿತು. ಪಕ್ಕದ ಮನೆಯಾಕೆ ಓಡಿ ಬಂದಳು. ಮಾವ ಬೆರಳೆತ್ತಿದರು, ಮತ್ತೆ ಒತ್ತಿದರು, ಮತ್ತೆ ಎತ್ತಿ ಮತ್ತೆ ಒತ್ತಿದರು. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು, "ಸಾಕು ಮಾಡಿ ಮಾರಾಯ್ರೆ, ಕಟ್ಟಡ ಬಿದ್ದೀತು!" ಎಂದರೂ ಕೇಳದೆ, ಅವಳ ಮುಖದಿಂದ ಕಣ್ಣು ಕೀಳದೆ ಒತ್ತುತ್ತಲೇ ಇದ್ದರು. ಅವಳು ಇಕ್ಕಳ ಬಿಡದೆ ಹಿಡಿದು ನಿಂತಿದ್ದಳು. ಸಾಕೆನಿಸಿದಾಗ ಅವರೇ ನಿಲ್ಲಿಸಿ, ಕಣ್ಣನ್ನು ಕಿಟಕಿಯ ಕಡೆ ತಿರುಗಿಸಿದರು. ಅವಳಿಗೆಂದು ಏನನ್ನೂ ಬರೆಯಲಿಲ್ಲ.

ಆಮೇಲೆ ಮಾವನಿಂದ ಅವಳಿಗೆ ಮಾತು ಬಂತು. ಆದರೆ ಊಟ, ಔಷಧ, ಕಿಟಕಿ ತೆಗಿ, ದೀಪ ಆರಿಸು ಎಂಬಷ್ಟೇ ಬಂತು. ಗಂಡ ಎಂದಿನಂತಾದ, ಎಂದಿನಂತೆ ಕಾಣಿಸಿದ ಎನ್ನುವುದು ಹೆಚ್ಚು ಸರಿ. ಅವಳು ಯಾವುದಾದರೂ ಸಾಮಾನು ಸರಿಯಾಗಿದೆ ಎಂದರೆ ಅವನು ಇನ್ನೊಮ್ಮೆ ತಾನೇ ಹೋಗಿ ನೋಡಿ ಬರುತ್ತಿದ್ದ. ಅವಳು ಅದನ್ನು ನೋಡಿಯೂ ನೋಡದಂತಿರುತ್ತಿದ್ದಳು.

ಅತ್ತೆ ವಾಕರ್ ಹಿಡಿದು ನಡೆಯಲು ಕಲಿತರು. ಒಬ್ಬರೇ ಸ್ನಾನ ಮಾಡುತ್ತೇನೆಂದು ಹಠ ಹಿಡಿದ ಮೊದಲ ದಿನ, ಅವಳು ವರ್ಕ್‌ಶಾಪಿಗೆ ಹೊರಡಬೇಕಾದವಳು ಚೀಲ ಕೆಳಗಿಟ್ಟು ಬಚ್ಚಲಿನ ಬಾಗಿಲಾಚೆ ನೆಲದ ಮೇಲೆ ಕೂತಳು. ಒಳಗೆ ವಾಕರಿನ ಕಾಲು ನೆಲಕ್ಕೆ ತಾಗುವ ಸದ್ದು, ನೀರಿನ ಸದ್ದು. ಒಮ್ಮೆ ಎರಡೂ ನಿಂತವು.

"ಯಾರು ಅಲ್ಲಿ?" ಎಂದರು ಅತ್ತೆ.

"ನಾನು ಅತ್ತೆ."

"ಏನು ಮಾಡ್ತಿದೀಯ?"

"ಸುಮ್ನೆ ಕೂತಿದೀನಿ."

"ಕೆಲಸ ಇಲ್ವಾ ನಿನಗೆ? ಹೋಗು."

ಅವಳು ಏಳಲಿಲ್ಲ. ಒಳಗೆ ವಾಕರು ಒಮ್ಮೆ ಸದ್ದು ಮಾಡಿತು. ಆಮೇಲೆ ಮತ್ತೆ ನೀರು ಸುರಿಯಿತು, ಮತ್ತೆ ಹೋಗು ಎಂಬ ಮಾತು ಬರಲಿಲ್ಲ. ಅವಳು ಗೋಡೆಗೆ ತಲೆಯಾನಿಸಿ, ನೀರಿನ ಸದ್ದಿಗೆ ಕಿವಿಗೊಟ್ಟು ಅಲ್ಲೇ ಕೂತಳು.